ಹೊರಡಲು ಕಾರಣ ಬೇಕು: ಊರ್ಟ್ ಮೋಡದ ಅಲೆಮಾರಿ ಕುಲವೊಂದನ್ನು ಕಟ್ಟಿದ ಪ್ರಕರಣ

ಒಂದು ವಿಜ್ಞಾನ ಕಥೆಗೆ ಬೇಕಾಗಿದ್ದದ್ದು ಮನುಷ್ಯರಲ್ಲದ ಜೀವಿಗಳ ಒಂದು ಕಲ್ಪಿತ ಅಲೆಮಾರಿ ಕುಲ. ಮನುಷ್ಯನ ಯಂತ್ರಗಳು ಇನ್ನೂ ಮುಟ್ಟದ ಕಡೆ ಅದು ಬದುಕಬೇಕು, ಒಂದೇ ಕಡೆ ನೆಲೆ ನಿಲ್ಲಬಾರದು, ಭೌತಶಾಸ್ತ್ರ ಬಲ್ಲ ಓದುಗರು ಲೆಕ್ಕ ಹಾಕಿ ನೋಡಿದರೂ ಕಥೆ ಕುಸಿಯಬಾರದು. ವಿಜ್ಞಾನ ಕಥೆಗಳಲ್ಲಿ ಅಲೆಮಾರಿ ಕುಲಗಳಿಗೆ ಬರವಿಲ್ಲ. ಆದರೆ ಅವು ಯಾಕೆ ಅಲೆಯುತ್ತವೆ ಎಂದು ಕೇಳಿದರೆ ಹೆಚ್ಚಿನ ಕಡೆ ಸಿಗುವ ಉತ್ತರ 'ಅದು ಅವರ ಸ್ವಭಾವ' ಎಂಬುದು. ಅಲೆಮಾರಿ ಬದುಕನ್ನು ಹತ್ತಿರದಿಂದ ಕಂಡ ಯಾರೂ ಈ ಉತ್ತರ ಒಪ್ಪುವುದಿಲ್ಲ.

ಬೆಳಗಾವಿ, ಬಾಗಲಕೋಟೆ ಕಡೆಯ ಕುರುಬರು ದಖ್ಖನಿ ಕುರಿ ಹೊಡೆದುಕೊಂಡು ಹೊರಡುವುದು ಸ್ವಭಾವದಿಂದಲ್ಲ. ಮಳೆ ಎಲ್ಲಿ ಬಿತ್ತು, ಯಾವ ಸೀಮೆಯಲ್ಲಿ ಸುಗ್ಗಿ ಮುಗಿದು ಹೊಲ ಖಾಲಿಯಾಯಿತು, ಯಾವ ರೈತ ಗೊಬ್ಬರಕ್ಕಾಗಿ ಕುರಿ ತರುಬಲು (ಹೊಲದಲ್ಲಿ ನಿಲ್ಲಿಸಲು) ಕರೆದಿದ್ದಾನೆ, ಕಾಳು ಕೊಡುತ್ತಾನೋ ಹಣ ಕೊಡುತ್ತಾನೋ ಎಂಬ ಲೆಕ್ಕದ ಮೇಲೆ ಹಿಂಡು ಹೊರಡುತ್ತದೆ. ದಾರಿ ಗೊತ್ತಿರುತ್ತದೆ, ನಿಲ್ಲುವ ಊರು ಗೊತ್ತಿರುತ್ತದೆ. ಈ ಪ್ರಕರಣದ ಕುಲಕ್ಕೆ 'ತರುಬರು' ಎಂದೂ ಅವರ ಗುಂಪಿಗೆ 'ಹಟ್ಟಿ' ಎಂದೂ ಹೆಸರಿಟ್ಟದ್ದು ಈ ಕಾರಣಕ್ಕೆ. ಅವರಿಗೂ ಮೇವಿನ ಲೆಕ್ಕ ಇರಬೇಕು, ಆ ಲೆಕ್ಕವೇ ಅವರನ್ನು ಎಬ್ಬಿಸಿ ಕಳಿಸಬೇಕು.

ಜಾಗ

ವಾಯೇಜರ್ 1 ನೌಕೆ 2012ರ ಆಗಸ್ಟ್ 25ರಂದು ಸೂರ್ಯನ ಗಾಳಿಯ ಗಡಿ ದಾಟಿತು. ಆಗ ಅದು ಸೂರ್ಯನಿಂದ ಸುಮಾರು 122 ಖಗೋಳಮಾನ ದೂರದಲ್ಲಿತ್ತು. ಒಂದು ಖಗೋಳಮಾನವೆಂದರೆ ಭೂಮಿ–ಸೂರ್ಯರ ನಡುವಿನ ದೂರ, ಸುಮಾರು 15 ಕೋಟಿ ಕಿಲೋಮೀಟರ್. ಸೆಕೆಂಡಿಗೆ 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಆ ನೌಕೆ, ಸೌರಮಂಡಲವನ್ನು ಬಹು ದೂರದಲ್ಲಿ ಸುತ್ತುವರಿದ ಧೂಮಕೇತುಗಳ ಗೋಳವಾದ ಊರ್ಟ್ ಮೋಡದ ಒಳ ಅಂಚು ತಲುಪಲು ಇನ್ನೂ ಸುಮಾರು 300 ವರ್ಷ ಬೇಕು, ದಾಟಿ ಹೊರಬರಲು ಸುಮಾರು 30,000 ವರ್ಷ. ಡಚ್ ಖಗೋಳ ವಿಜ್ಞಾನಿ ಯಾನ್ ಊರ್ಟ್ 1950ರಲ್ಲಿ ಈ ಮೋಡದ ಕಲ್ಪನೆ ಮುಂದಿಟ್ಟರು. ಅಲ್ಲೇ ಇರುವ ಒಂದು ಧೂಮಕೇತುವನ್ನು ಇಂದಿನವರೆಗೂ ಯಾರೂ ನೇರವಾಗಿ ಕಂಡಿಲ್ಲ, ಅಲ್ಲಿಂದ ಒಳಗೆ ಬಿದ್ದವನ್ನು ಮಾತ್ರ ಕಂಡಿದ್ದೇವೆ. ಅರಿಯದ ಸೀಮೆ ಹುಡುಕಿಕೊಂಡು ಬೇರೆ ತಾರಾಗಣಕ್ಕೆ ಹೋಗಬೇಕಿಲ್ಲ, ಅದು ನಮ್ಮ ಸೂರ್ಯನ ಹಿತ್ತಲಲ್ಲೇ ಇದೆ.

ತರುಬರನ್ನು ಇಟ್ಟದ್ದು 10,000 ಖಗೋಳಮಾನ ದೂರದಲ್ಲಿ. ಅಲ್ಲಿ ಸೂರ್ಯ ಬರಿಯ ಒಂದು ಚುಕ್ಕಿ, ನಮಗೆ ಕಾಣುವ ಬೆಳ್ಳಿಗಿಂತ ಐದಾರು ಪಟ್ಟು ಪ್ರಕಾಶ, ಅಷ್ಟೆ. ಹಿಮದ ತಾಪ 10 ಕೆಲ್ವಿನ್‌ಗಿಂತ ಕಡಿಮೆ, ಅಂದರೆ ಸೊನ್ನೆ ಡಿಗ್ರಿಗಿಂತ 263 ಡಿಗ್ರಿಗೂ ಕೆಳಗೆ. ಸೂರ್ಯನ ಸುತ್ತ ಒಂದು ಸುತ್ತಿಗೆ 10 ಲಕ್ಷ ವರ್ಷ, ಕಕ್ಷೆಯ ವೇಗ ಸೆಕೆಂಡಿಗೆ ಕೇವಲ 300 ಮೀಟರ್. ಒಂದು ಕಿಲೋಮೀಟರಿಗಿಂತ ದೊಡ್ಡ ಧೂಮಕೇತುಗಳು ಒಟ್ಟು ಹತ್ತು ಸಾವಿರ ಕೋಟಿಯಿಂದ ಒಂದು ಲಕ್ಷ ಕೋಟಿಯಷ್ಟು ಇರಬಹುದೆಂಬ ಅಂದಾಜುಗಳಿವೆ. ಅವನ್ನು 50,000 ಖಗೋಳಮಾನ ತ್ರಿಜ್ಯದ ಗೋಳದಲ್ಲಿ ಸಮನಾಗಿ ಹರಡಿದರೆ ಒಂದರಿಂದ ಇನ್ನೊಂದಕ್ಕೆ 8ರಿಂದ 17 ಖಗೋಳಮಾನ ಅಂತರ ಬರುತ್ತದೆ. ಇಲ್ಲಿ ಹಿಡಿದದ್ದು 10. ಅಂದರೆ ಪಕ್ಕದ 'ಊರು' ಸೂರ್ಯನಿಂದ ಶನಿಗ್ರಹ ಇರುವಷ್ಟು ದೂರ.

ಇಂಥವರು ಇದ್ದರೆ ನಮಗೆ ಕಾಣುತ್ತಿದ್ದರೇ? ಒಂದು ಹಟ್ಟಿ ಚೆಲ್ಲುವ ಶಾಖ 2,000 ವ್ಯಾಟ್ ಎಂದಿಟ್ಟುಕೊಳ್ಳಿ. ಅಷ್ಟು ದೂರದ ಆ ಶಾಖವನ್ನು ಹಿಡಿಯಲು ಭೂಮಿಯ ಬಳಿ ಒಂದು ಚದರ ಕಿಲೋಮೀಟರ್ ಕನ್ನಡಿ ಇಟ್ಟರೂ ಬಂದು ಬೀಳುವುದು ಮೂರೂವರೆ ನಿಮಿಷಕ್ಕೆ ಒಂದು ಫೋಟಾನ್ (ಬೆಳಕಿನ ಕಣ). ಅವರು ಅರಿಯದ ಸೀಮೆಯಲ್ಲೇ ಉಳಿದಿರುವುದಕ್ಕೆ ಬೇರೆ ಸಬೂಬು ಬೇಕಾಗಲಿಲ್ಲ.

ಮೊದಲ ಕರಡು ಯಾಕೆ ಬಿತ್ತು

ಮೊದಲ ಕರಡಿನಲ್ಲಿ ತರುಬರ ಬಳಿ ಬೈಜಿಕ ಸಮ್ಮಿಲನದ ಒಲೆ ಇತ್ತು, ಅಂದರೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ತೆಗೆಯುವ ಒಲೆ. ಧೂಮಕೇತುವಿನ ನೀರಿನಲ್ಲಿರುವ ಡ್ಯುಟೀರಿಯಂ (ಭಾರವಾದ ಬಗೆಯ ಹೈಡ್ರೋಜನ್) ಉರಿಸುವುದು, ಅದು ಮುಗಿದಾಗ ಮುಂದಿನದಕ್ಕೆ ಹೋಗುವುದು. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದಾಗ ಬಿತ್ತು.

ಒಂದು ಕಿಲೋಮೀಟರ್ ವ್ಯಾಸದ ಧೂಮಕೇತು, ಸಾಂದ್ರತೆ ಘನ ಮೀಟರಿಗೆ 500 ಕಿಲೋ (ರೊಸೆಟ್ಟಾ ನೌಕೆ ಅಳೆದ 67ಪಿ ಧೂಮಕೇತುವಿನದು ಸುಮಾರು 533). ಒಟ್ಟು ತೂಕ 26 ಕೋಟಿ ಟನ್. ಅರ್ಧ ನೀರು ಎಂದುಕೊಂಡು, ಹತ್ತು ಸಾವಿರ ಹೈಡ್ರೋಜನ್ ಪರಮಾಣುಗಳಲ್ಲಿ ಮೂರು ಡ್ಯುಟೀರಿಯಂ ಎಂದು ಹಿಡಿದರೆ ಸುಮಾರು 8,600 ಟನ್ ಡ್ಯುಟೀರಿಯಂ ಸಿಗುತ್ತದೆ. ಪೂರ್ತಿ ಉರಿಸಿದರೆ ಅದು ಒಂದು ಸಣ್ಣ ಪಟ್ಟಣಕ್ಕೆ ಸಾಕಾಗುವ 10 ಮೆಗಾವ್ಯಾಟನ್ನು 94 ಲಕ್ಷ ವರ್ಷ ಕೊಡುತ್ತದೆ. ಹಟ್ಟಿಯ 2,000 ವ್ಯಾಟಿಗಾದರೆ ವಿಶ್ವದ ಈಗಿನ ವಯಸ್ಸಿನ ಮೂರು ಪಟ್ಟಿಗೂ ಹೆಚ್ಚು ಕಾಲ. ಇಷ್ಟು ದಾಸ್ತಾನು ಮನೆಯಲ್ಲಿರುವವರು ಹಟ್ಟಿ ಕಿತ್ತು ಹೊರಡುವುದಿಲ್ಲ. ಅವರು ಅಲ್ಲೇ ಊರು ಕಟ್ಟುತ್ತಾರೆ.

ಇಂಥ ಜೀವಿಗಳನ್ನು ಕಟ್ಟುವವರು ಹೆಚ್ಚಾಗಿ ಎಡವುವ ಜಾಗ ಇದು. ಶಕ್ತಿಶಾಲಿ ತಂತ್ರಜ್ಞಾನ ಕೊಟ್ಟ ಕ್ಷಣ ಅಲೆಮಾರಿತನದ ಬೇರು ಕತ್ತರಿಸಿ ಹೋಗುತ್ತದೆ. ಅಲೆಮಾರಿಗೆ ಬೇಕಾದದ್ದು ತೆಳುವಾಗಿ ಹರಡಿದ ಮೇವು: ಒಂದು ಕಡೆ ಮುಗಿಯಬೇಕು, ಇನ್ನೊಂದು ಕಡೆ ಇರಬೇಕು, ಹೋಗುವ ಖರ್ಚು ಸಿಗುವ ಮೇವಿಗಿಂತ ಕಡಿಮೆ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕುಲ ನಿಂತುಬಿಡುತ್ತದೆ ಇಲ್ಲವೇ ಸಾಯುತ್ತದೆ.

ಹಿಮದ ಮೇಲಿನ ಮೇವು

ಹಾಗಾದರೆ ಆ ಕತ್ತಲಲ್ಲಿ ತೆಳುವಾಗಿ ಹರಡಿರುವುದು ಏನು? ವಿಶ್ವಕಿರಣ, ಬಾಹ್ಯಾಕಾಶದಲ್ಲಿ ಎಲ್ಲ ಕಡೆಯಿಂದ ಬರುವ ಅತಿವೇಗದ ಕಣಗಳು. ತಾರೆಗಳ ನಡುವಿನ ಅವಕಾಶದಲ್ಲಿ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು ಒಂದು ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ವಿಶ್ವಕಿರಣಗಳ ರೂಪದಲ್ಲಿದೆ. ಒಂದು ಚದರ ಮೀಟರ್ ಹಿಮದ ಮೇಲೆ ಬೀಳುವ ಲೆಕ್ಕಕ್ಕೆ ತಂದರೆ ಒಂದು ವ್ಯಾಟನ್ನು ಲಕ್ಷ ಪಾಲು ಮಾಡಿದಾಗ ಅದರಲ್ಲಿ 1.2 ಪಾಲು. ಸೂರ್ಯನ ಬೆಳಕು ಅಲ್ಲಿ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ, 1.4 ಪಾಲು. ಧೂಮಕೇತುವಿನ ಇಡೀ ಮೈಗೆ ಬೀಳುವ ವಿಶ್ವಕಿರಣ ಒಟ್ಟು 38 ವ್ಯಾಟ್. ಸುಮ್ಮನೆ ಕೂತ ಒಬ್ಬ ಮನುಷ್ಯನ ದೇಹಕ್ಕೆ ಬೇಕಾದ ಅರ್ಧವೂ ಇಲ್ಲ. ದಿನದ ಸಂಪಾದನೆಯಲ್ಲಿ ಅಲ್ಲಿ ಯಾರೂ ಬದುಕಲಾರರು, ಕೂಡಿಟ್ಟ ಗಂಟಿನಲ್ಲಿ ಮಾತ್ರ ಬದುಕಬಹುದು.

ಗಂಟು ಇದೆ. ವಿಕಿರಣ ಬಿದ್ದ ನೀರಿನ ಹಿಮದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಗುರುಗ್ರಹದ ಉಪಗ್ರಹ ಯೂರೋಪಾದ ಮೇಲೆ ಗೆಲಿಲಿಯೋ ನೌಕೆ ಇದನ್ನು ಕಂಡಿತು, ನೀರಿನ ಸಾವಿರ ಅಣುಗಳಿಗೆ ಸುಮಾರು 1.3ರ ಪ್ರಮಾಣದಲ್ಲಿ. ಒಂದು ಕಿಲೋ ಪೆರಾಕ್ಸೈಡ್ ನೀರು ಮತ್ತು ಆಮ್ಲಜನಕವಾಗಿ ಒಡೆದರೆ 2.9 ಮೆಗಾಜೂಲ್ ಶಕ್ತಿ ಬರುತ್ತದೆ. ಔಷಧಿ ಅಂಗಡಿಯ 3 ಪರ್ಸೆಂಟ್ ಪೆರಾಕ್ಸೈಡನ್ನು ಹಸಿ ಆಲೂಗಡ್ಡೆ ಹೋಳಿನ ಮೇಲೆ ಹನಿಸಿ ನೋಡಿ. ಬುಸ್ಸೆಂದು ನೊರೆ ಏಳುತ್ತದಲ್ಲ, ತರುಬರ ಹೊಟ್ಟೆಯೊಳಗೆ ನಡೆಯುವುದು ಅದೇ ಕ್ರಿಯೆ, ಬಹಳ ನಿಧಾನವಾಗಿ.

ಎರಡನೆಯ ಕರಡು ಇದನ್ನು ಹೀಗೆ ಬಳಸಿತು: ಮೇಲಿನ ಮೂರು ಮೀಟರ್ ಹಿಮ, ಅದರಲ್ಲಿ ತೂಕದ ಸಾವಿರಕ್ಕೊಂದು ಪಾಲು ಪೆರಾಕ್ಸೈಡ್. ಚದರ ಮೀಟರಿಗೆ 1.5 ಕಿಲೋ, ಇಡೀ ಧೂಮಕೇತುವಿಗೆ 4,700 ಟನ್. ಮೇವು ಸಿಕ್ಕಿತು ಎಂದು ಮುಂದೆ ಹೋಗುವಷ್ಟರಲ್ಲಿ ಒಂದು ದೊಡ್ಡ ತೂತು ಕಂಡಿತು. ಒಂದು ಕಿಲೋ ಪೆರಾಕ್ಸೈಡ್ ತೆಗೆಯಲು ಸಾವಿರ ಕಿಲೋ ಹಿಮ ಬಿಸಿ ಮಾಡಬೇಕು. 10 ಕೆಲ್ವಿನ್ ಹಿಮವನ್ನು ತರುಬರ ದೇಹದ ತಾಪಕ್ಕೆ (ಸೊನ್ನೆಗಿಂತ 56 ಡಿಗ್ರಿ ಕೆಳಗೆ) ಏರಿಸಲು ಕಿಲೋಗೆ ಸುಮಾರು 190 ಕಿಲೋಜೂಲ್, ಅಂದರೆ ಸಾವಿರ ಕಿಲೋಗೆ 190 ಮೆಗಾಜೂಲ್. ತಿಂದು ಸಿಗುವುದು 2.9, ತಿನ್ನಲು ಹೋಗುವುದು ಅದರ 65 ಪಟ್ಟು. ಮೇಯುತ್ತ ಮೇಯುತ್ತಲೇ ಹಸಿವಿನಿಂದ ಸಾಯುವ ಜೀವಿ ಅದು.

ಸರಿಪಡಿಸಿದ್ದು ಎರಡು ಕಡೆ. ಒಂದು, ಮೂರು ಮೀಟರ್ ಅಗೆಯುವ ಬದಲು ಮೇಲಿನ 30 ಸೆಂಟಿಮೀಟರ್ ಮಾತ್ರ ಮೇಯುವುದು. ಕಡಿಮೆ ಶಕ್ತಿಯ ಕಣಗಳೆಲ್ಲ ಅಲ್ಲೇ ನಿಲ್ಲುವುದರಿಂದ ಪೆರಾಕ್ಸೈಡ್ ಅಲ್ಲಿ ದಟ್ಟವಾಗಿರಬಹುದು. ನೂರಕ್ಕೆ ಒಂದು ಎಂದು ಹಿಡಿದದ್ದು. ಇದು ಉದಾರ ಊಹೆ, ಮುಚ್ಚಿಡುವುದೇನಿಲ್ಲ. ಇಡೀ ಕಟ್ಟಡದ ಭಾರ ಈ ಒಂದು ಅಂಕಿಯ ಮೇಲಿದೆ. ಚದರ ಮೀಟರಿಗೆ ಅದೇ 1.5 ಕಿಲೋ ಸಿಗುತ್ತದೆ, ಆದರೆ ಕಿಲೋ ಪೆರಾಕ್ಸೈಡಿಗೆ ಬಿಸಿ ಮಾಡಬೇಕಾದ ಹಿಮ ನೂರೇ ಕಿಲೋ, ಖರ್ಚು 19 ಮೆಗಾಜೂಲ್. ಇನ್ನೂ ನಷ್ಟವೇ.

ಎರಡನೆಯ ತಿದ್ದುಪಡಿ ಬಾತುಕೋಳಿಯ ಕಾಲಿನಿಂದ ಬಂದದ್ದು. ಹಿಮದ ಮೇಲೆ ನಿಂತ ಬಾತುಕೋಳಿಯ ಕಾಲಿಗೆ ಇಳಿಯುವ ಬಿಸಿ ರಕ್ತ, ಪಕ್ಕದಲ್ಲೇ ಮೇಲೇರುವ ತಣ್ಣನೆಯ ರಕ್ತಕ್ಕೆ ಶಾಖ ಕೊಟ್ಟು ತಾನು ತಣಿದು ಇಳಿಯುತ್ತದೆ. ತರುಬರ ಗಂಟಲೂ ಹಾಗೆಯೇ: ಒಳಗೆ ಹೋಗುವ ಹಿಮದ ಪುಡಿ ಮತ್ತು ಹೊರಗೆ ಬರುವ ಸಾರ ತೆಗೆದ ಪುಡಿ ಸಾವಿರಾರು ಸಣ್ಣ ಕೊಳವೆಗಳಲ್ಲಿ ಎದುರುಬದುರಾಗಿ ಹರಿಯುತ್ತವೆ. ಉಗುಳುವ ಹೊತ್ತಿಗೆ ಆ ಪುಡಿ ತನ್ನ ಶಾಖವನ್ನು ಬಹುಪಾಲು ಬಿಟ್ಟುಕೊಟ್ಟಿರುತ್ತದೆ. ಶಾಖದ 85 ಪರ್ಸೆಂಟ್ ವಾಪಸು ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 95 ಬಂದರೆ ಕಿಲೋಗೆ ಕಳೆದುಹೋಗುವುದು 0.95 ಮೆಗಾಜೂಲ್, ಕೈಗೆ ಉಳಿಯುವುದು ಸುಮಾರು 2. ಇಲ್ಲಿ ತೆಗೆದುಕೊಂಡದ್ದು 95. ಗಂಟಲಿಗೆ ಗಾಯವಾಗಿ ಕೆಲವು ಕೊಳವೆ ಮುಚ್ಚಿಹೋದ ಜೀವಿ ಎಷ್ಟು ತಿಂದರೂ ಸೊರಗುತ್ತದೆ. ಕಥೆಯಲ್ಲಿ ಕಾಯಿಲೆ ಎಂದು ಬರುವುದೆಲ್ಲ ಬಹುಪಾಲು ಇದೇ.

ಒಂದು ಹಟ್ಟಿಯಲ್ಲಿ 40 ಜನ, ಒಬ್ಬೊಬ್ಬರಿಗೆ 50 ವ್ಯಾಟ್. ವರ್ಷಕ್ಕೆ ಬೇಕಾದ ಪೆರಾಕ್ಸೈಡ್ ಸುಮಾರು 32 ಟನ್, ಅದಕ್ಕಾಗಿ ಮೇಯುವ ನೆಲ ಐದು ಎಕರೆಗಿಂತ ತುಸು ಹೆಚ್ಚು. ಒಬ್ಬರ ಪಾಲಿಗೆ ದಿನಕ್ಕೆ ಒಂದೂವರೆ ಚದರ ಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು ಆಳ. ಒರಟು ನೆಲ, ಬಿರುಕು, ಕಲ್ಲುಧೂಳು ತುಂಬಿದ ಜಾಗಗಳನ್ನು ಬಿಟ್ಟರೆ ಮೇಯಲು ಸಿಗುವುದು ಶೇಕಡಾ 60. ಹೊರಡಲು ಬೇಕಾದ ಗಂಟು ಬೇರೆ ಕಟ್ಟಬೇಕು. ಎಲ್ಲ ಕಳೆದು ನೋಡಿದರೆ ಒಂದು ಧೂಮಕೇತುವಿನ ಮೇಲೆ ಸುಮಾರು 80 ವರ್ಷ ತಂಗಬಹುದು. ಬಿದ್ದ ವಿಶ್ವಕಿರಣದಲ್ಲಿ ಸಾವಿರಕ್ಕೊಂದು ಪಾಲು ಪೆರಾಕ್ಸೈಡಾಗಿ ಆ ಪದರದಲ್ಲಿ ಉಳಿಯುತ್ತದೆ ಎಂದಾದರೆ, ಮೇಯ್ದ ಪದರ ಮತ್ತೆ ತುಂಬಲು 1 ಕೋಟಿ ವರ್ಷದ ಮೇಲೆ ಬೇಕು. ಕುರುಬರ ಹಿಂಡು ಹೊಲಕ್ಕೆ ಗೊಬ್ಬರ ಬಿಟ್ಟು ಹೋಗುತ್ತದೆ, ಮುಂದಿನ ವರ್ಷ ಅದೇ ಹೊಲ ಅದನ್ನು ಕರೆಯುತ್ತದೆ. ತರುಬರಿಗೆ ಆ ಸುಖವಿಲ್ಲ. ಮೇಯ್ದ ಜಾಗ ಅವರ ಮಟ್ಟಿಗೆ ಮುಗಿದ ಜಾಗ.

ದೇಹ

ದೇಹದ ದ್ರವ ಪೆರಾಕ್ಸೈಡ್ ಮತ್ತು ನೀರಿನ ಮಿಶ್ರಣ. 61 ಪರ್ಸೆಂಟ್ ಪೆರಾಕ್ಸೈಡ್ ಇದ್ದಾಗ ಆ ಮಿಶ್ರಣ ಸೊನ್ನೆಗಿಂತ 56 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಮಂಗಳನ ಜೀವಿಗಳು, ಇದ್ದರೆ, ಇಂಥ ದ್ರವವನ್ನು ಬಳಸಿರಬಹುದು ಎಂಬ ಊಹೆಯನ್ನು ವಿಜ್ಞಾನಿಗಳಾದ ಹೌಟ್‌ಕೂಪರ್ ಮತ್ತು ಶುಲ್ಜ್-ಮಾಕುಕ್ 2007ರಲ್ಲಿ ಗಂಭೀರವಾಗಿಯೇ ಮುಂದಿಟ್ಟಿದ್ದರು. ದೇಹ ತಣ್ಣಗಿದ್ದಷ್ಟೂ ಹೊರಸೂಸುವ ಶಾಖ ಕಡಿಮೆ. ಆ ತಾಪದಲ್ಲಿ ಬರಿಮೈ ಚದರ ಮೀಟರಿಗೆ 125 ವ್ಯಾಟ್ ಕಳೆದುಕೊಳ್ಳುತ್ತದೆ. ಹೊಳೆಯುವ ಪದರ ಪದರದ ಚರ್ಮ ಅದನ್ನು ಇಪ್ಪತ್ತನೆಯ ಒಂದು ಪಾಲಿಗೆ ಇಳಿಸುತ್ತದೆ. 100 ಕಿಲೋ ತೂಕದ, ನಾಲ್ಕು ಚದರ ಮೀಟರ್ ಮೈಯ ಜೀವಿಗೆ 25 ವ್ಯಾಟ್ ಮೈಬಿಸಿಗೆ ಹೋಗಿ ಉಳಿದ 25 ಅಗೆಯಲು, ನಡೆಯಲು, ಬೆಳೆಯಲು ಸಿಗುತ್ತದೆ.

ಧೂಮಕೇತುಗಳಲ್ಲಿ ಕಪ್ಪು ಇಂಗಾಲದ ಜಿಡ್ಡು ಬೇಕಾದಷ್ಟಿದೆ. ಅದನ್ನು ಪೆರಾಕ್ಸೈಡಿನೊಂದಿಗೆ ಉರಿಸಿದರೆ ಸುಮಾರು ಮೂರು ಪಟ್ಟು ಶಕ್ತಿ ಬರುತ್ತದೆ. ಹಾಗಾದರೆ ಅದನ್ನೇ ಯಾಕೆ ತಿನ್ನುವುದಿಲ್ಲ? ದಟ್ಟ ಪೆರಾಕ್ಸೈಡ್ ಜೊತೆ ಜಿಡ್ಡು ಬೆರೆತರೆ ಅದು ಸ್ಫೋಟಕ. ದೇಹದ ದ್ರವವೇ ಪೆರಾಕ್ಸೈಡ್ ಆಗಿರುವಾಗ ಆ ಊಟ ಬೇಡ. ಅದೇ ಉರಿಯನ್ನು ಮುಂದಿನ ಧೂಮಕೇತುವಿಗೆ ಹೋಗುವ ವಾಹನಕ್ಕೆ ಬಳಸಿದರೆ ಅವರ ನಳಿಕೆ ಕರಗುತ್ತದೆ. ಹಾಗಾಗಿ ಜಿಡ್ಡನ್ನು ಸೋಸಿ ಉಗುಳುತ್ತಾರೆ.

ನಡಿಗೆಯಲ್ಲಿ ಹೆಚ್ಚು ಜಾಗ್ರತೆ ಬೇಕು. ಅಂಥ ಧೂಮಕೇತುವಿನಿಂದ ತಪ್ಪಿಸಿಕೊಂಡು ಹೋಗಲು ಸೆಕೆಂಡಿಗೆ 26 ಸೆಂಟಿಮೀಟರ್ ವೇಗ ಸಾಕು. ಮನುಷ್ಯನ ಸಾಮಾನ್ಯ ಹೆಜ್ಜೆಯೇ ಇದರ ನಾಲ್ಕೈದು ಪಟ್ಟು. 2014ರ ನವೆಂಬರ್ 12ರಂದು 100 ಕಿಲೋ ತೂಕದ ಫಿಲೇ ಯಂತ್ರ 67ಪಿ ಮೇಲೆ ಇಳಿದಾಗ ನೆಲಕ್ಕೆ ಕಚ್ಚಿಕೊಳ್ಳಬೇಕಿದ್ದ ಈಟಿಗಳು ಹಾರಲಿಲ್ಲ. ಅದು ಸೆಕೆಂಡಿಗೆ ಸುಮಾರು 38 ಸೆಂಟಿಮೀಟರ್ ವೇಗದಲ್ಲಿ ಪುಟಿದು ಹೆಚ್ಚುಕಡಿಮೆ ಎರಡು ಗಂಟೆ ತೇಲಿ ಮತ್ತೆ ಬಿತ್ತು. 67ಪಿ ನಾಲ್ಕು ಕಿಲೋಮೀಟರ್ ಗಾತ್ರದ್ದಾದ್ದರಿಂದ ಬಿತ್ತು, ತರುಬರ ನೆಲದ ಮೇಲಾಗಿದ್ದರೆ ಅದು ವಾಪಸು ಬರುತ್ತಿರಲಿಲ್ಲ. ಆದ್ದರಿಂದ ಆರು ಕಾಲು, ಪ್ರತಿ ಕಾಲಿನ ತುದಿಯಲ್ಲಿ ತಿರುಪಿನಂತೆ ಹಿಮಕ್ಕೆ ಇಳಿಯುವ ಉಗುರು. ಐದು ಕಾಲು ಕಚ್ಚಿಕೊಂಡಿರುವಾಗ ಒಂದು ಮಾತ್ರ ಏಳಬೇಕು. ಮಾತು ಕೂಡ ಈ ಕಾಲುಗಳಲ್ಲೇ: ಗಾಳಿ ಇಲ್ಲ, ಹಿಮದ ಮೂಲಕ ಬಡಿತ ಹೋಗುತ್ತದೆ. ನೆಲದಿಂದ ಕಾಲು ಬಿಟ್ಟವರ ಮಾತು ಯಾರಿಗೂ ಕೇಳಿಸುವುದಿಲ್ಲ.

ಕಬ್ಬಿಣ ಅವರ ವಿಷ. ಪೆರಾಕ್ಸೈಡನ್ನು ಒಡೆಯುವ ವೇಗವರ್ಧಕಗಳಲ್ಲಿ ಕಬ್ಬಿಣದ ಸಂಯುಕ್ತಗಳೂ ಸೇರಿವೆ, ಧೂಮಕೇತುವಿನ ಧೂಳಿನಲ್ಲಿ ಕಬ್ಬಿಣ ಧಾರಾಳ. ಮೇವಿನೊಂದಿಗೆ ಒಂದು ಚಿಟಿಕೆ ಒಳಹೊಕ್ಕರೂ ದೇಹದ ಒಂದು ಭಾಗ ಕುದಿದುಹೋಗುತ್ತದೆ. ಆದರೆ ಹೊರಡುವ ವಾಹನಕ್ಕೆ ಬೇಕಾದದ್ದೂ ಇದೇ ಕಬ್ಬಿಣ. ಪೆರಾಕ್ಸೈಡ್ ರಾಕೆಟ್ಟುಗಳಲ್ಲಿ ದ್ರವವನ್ನು ಬೆಳ್ಳಿಯ ಜಾಲರಿಯಂಥ ವೇಗವರ್ಧಕದ ಮೇಲೆ ಹಾಯಿಸಿ ಹಬೆ ಮಾಡುತ್ತಾರೆ. ಇವರ ಬಳಿ ಬೆಳ್ಳಿ ಇಲ್ಲ, ಕಬ್ಬಿಣದ ಪುಡಿ ಇದೆ. ಹಟ್ಟಿಯಲ್ಲಿ ಒಬ್ಬರು ಮಾತ್ರ ಅದನ್ನು ಕಾಯುತ್ತಾರೆ, ಧೂಮಕೇತುವಿನ ಆಚೆ ಮಗ್ಗುಲಲ್ಲಿ, ಎಲ್ಲರಿಂದ ದೂರ. ಆಚಾರ, ಮಡಿ, ಅಧಿಕಾರ, ಒಂಟಿತನ ಎಲ್ಲವೂ ಈ ಒಂದು ರಾಸಾಯನಿಕ ಸತ್ಯದಿಂದ ತಾವಾಗಿ ಹುಟ್ಟಿದವು. ಕಲ್ಪಿತ ಸಮಾಜಕ್ಕೆ ಸಂಪ್ರದಾಯಗಳನ್ನು ಹೊರಗಿನಿಂದ ಅಂಟಿಸುವುದಕ್ಕಿಂತ ಹೀಗೆ ಹುಟ್ಟಲು ಬಿಡುವುದು ಯಾವಾಗಲೂ ಮೇಲು.

ಪಯಣದ ವೇಗ

ಹೊರಡುವಾಗ ಒಣ ತೂಕ 24 ಟನ್: ಜನ 4 ಟನ್, ಪಾತ್ರೆ, ನಳಿಕೆ, ಹೊದಿಕೆ 20 ಟನ್. ಪೆರಾಕ್ಸೈಡ್ ಹಬೆ ಸೆಕೆಂಡಿಗೆ 1.6 ಕಿಲೋಮೀಟರ್ ವೇಗದಲ್ಲಿ ಹೊರಬೀಳುತ್ತದೆ ಎಂದು ಹಿಡಿದದ್ದು. ವೇಗ ಹಿಡಿಯಲು ಒಮ್ಮೆ, ನಿಲ್ಲಲು ಒಮ್ಮೆ ಉರಿಸಬೇಕು. ನಿಲ್ಲುವ ಉರಿಗೆ ಬೇಕಾದ ಪೆರಾಕ್ಸೈಡನ್ನೂ ದಾರಿಯುದ್ದಕ್ಕೂ ಹೊರಬೇಕು. ಹೆಚ್ಚಿನ ಕಥೆಗಳು ಮರೆಯುವುದು ಈ ಎರಡನೆಯ ಅರ್ಧವನ್ನೇ.

ದಾರಿಯ ಬುತ್ತಿಯೂ ಬೇಕು. 10 ಖಗೋಳಮಾನವನ್ನು ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ದಾಟಲು 47 ವರ್ಷ. 40 ಜನ ಎಚ್ಚರವಾಗಿದ್ದರೆ ಬುತ್ತಿಯೇ ಸಾವಿರ ಟನ್, ಅದನ್ನು ತಳ್ಳುವ ಇಂಧನವೂ ಸೇರಿ ಧೂಮಕೇತುವಿನ ಒಟ್ಟು ಮೇವಿನಲ್ಲಿ ಶೇಕಡಾ 42 ಹೋಗುತ್ತದೆ. ಆದ್ದರಿಂದ ನಿದ್ದೆ ಕಡ್ಡಾಯ. ಒಬ್ಬೊಬ್ಬರು 5 ವ್ಯಾಟಿಗೆ ಇಳಿಯಬೇಕು. ಆದರೆ ಬಿಡಿಯಾಗಿ ಮಲಗಿದರೆ ಮೈಯಿಂದಲೇ 25 ವ್ಯಾಟ್ ಹೋಗುತ್ತದೆ, 5ರಲ್ಲಿ ಬದುಕುವುದು ಹೇಗೆ? ಕುರಿಗಳು ಚಳಿರಾತ್ರಿ ಮಾಡುವುದನ್ನೇ ಇವರೂ ಮಾಡುತ್ತಾರೆ: ಒತ್ತಾಗಿ ಮಲಗುತ್ತಾರೆ. 40 ಮೈಗಳ ಒಟ್ಟು ಹೊರಮೈ 160 ಚದರ ಮೀಟರ್. ಎಲ್ಲರೂ ಕಾಲು ಮಡಚಿ ಒಂದೇ ಉಂಡೆಯಾದರೆ 12 ಚದರ ಮೀಟರ್, ನಷ್ಟ 77 ವ್ಯಾಟ್. ಹಟ್ಟಿಯ 200 ವ್ಯಾಟ್ ಬಜೆಟ್ಟಿನೊಳಗೆ ಆರಾಮವಾಗಿ ಕೂರುತ್ತದೆ. ಉಂಡೆಯ ಹೊರಸುತ್ತಿನಲ್ಲಿ ಯಾರು, ನಡುವೆ ಯಾರು, ಎಷ್ಟು ವರ್ಷಕ್ಕೊಮ್ಮೆ ಸರದಿ ಬದಲಾಗಬೇಕು ಎಂಬುದು ಅವರ ಕಾನೂನಿನ ಮೊದಲ ಅಧ್ಯಾಯ.

ಈ ಲೆಕ್ಕ ಇಟ್ಟುಕೊಂಡು ಬೇರೆ ಬೇರೆ ವೇಗ ಹಾಕಿ ನೋಡಿದಾಗ ಬಂದದ್ದು ಈ ಪ್ರಕರಣದ ಅತ್ಯಂತ ಸಂತೋಷದ ಫಲಿತಾಂಶ. ಸೆಕೆಂಡಿಗೆ ಅರ್ಧ ಕಿಲೋಮೀಟರ್ ಹೋದರೆ 95 ವರ್ಷ, ಒಟ್ಟು ಪೆರಾಕ್ಸೈಡ್ 303 ಟನ್, ಬುತ್ತಿಯೇ ಭಾರ. ಒಂದು ಕಿಲೋಮೀಟರಿಗೆ 47 ವರ್ಷ, 252 ಟನ್. ಎರಡಕ್ಕೆ 24 ವರ್ಷ, 449 ಟನ್. ಮೂರಕ್ಕೆ 16 ವರ್ಷ, 1,220 ಟನ್, ಅಂದರೆ ಒಟ್ಟು ಮೇವಿನ ಕಾಲು ಭಾಗಕ್ಕೂ ಹೆಚ್ಚು. ಹತ್ತು ಕಿಲೋಮೀಟರ್ ಎಂದರೆ ಸಾವಿರಕ್ಕೂ ಹೆಚ್ಚು ಧೂಮಕೇತುಗಳನ್ನು ಬರಿದು ಮಾಡಬೇಕು. ಖರ್ಚು ತಳ ಮುಟ್ಟುವುದು ಒಂದು ಕಿಲೋಮೀಟರಿನ ಆಸುಪಾಸಿನಲ್ಲೇ. ಯಾರೂ ಆ ವೇಗವನ್ನು ಅವರಿಗೆ ವಿಧಿಸಲಿಲ್ಲ, ಹಸಿವು ಮತ್ತು ತೂಕ ಸೇರಿ ಗೊತ್ತುಮಾಡಿದವು. 80 ವರ್ಷ ತಂಗುವುದು, 47 ವರ್ಷ ಮಲಗಿ ಸಾಗುವುದು: 127 ವರ್ಷಕ್ಕೆ ಒಂದು ಹೆಜ್ಜೆ.

ದಾರಿ ಯಾರು ತೋರಿಸುತ್ತಾರೆ

ಇಲ್ಲಿ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಮುಂದಿನ ಧೂಮಕೇತು ಅವರಿಗೆ ಕಾಣುವುದಿಲ್ಲ. ಇದ್ದಿಲಿನಷ್ಟು ಕಪ್ಪಾದ ಒಂದು ಕಿಲೋಮೀಟರ್ ಉಂಡೆ ಆ ಮಂದ ಬೆಳಕಿನಲ್ಲಿ ಬರಿಗಣ್ಣಿಗೆ ಕಾಣಬೇಕಾದರೆ 36 ಕಿಲೋಮೀಟರ್ ಹತ್ತಿರ ಇರಬೇಕು. 20 ಸೆಂಟಿಮೀಟರ್ ಕನ್ನಡಿಯ ದೂರದರ್ಶಕಕ್ಕೆ ಸುಮಾರು 900 ಕಿಲೋಮೀಟರ್. ಬಹಳ ಹೊತ್ತು ಬೆಳಕು ಕೂಡಿಹಾಕುವ ಒಂದು ಮೀಟರ್ ಕನ್ನಡಿಗೆ ಸುಮಾರು 57,000 ಕಿಲೋಮೀಟರ್. ಹೋಗಬೇಕಾದದ್ದು 150 ಕೋಟಿ ಕಿಲೋಮೀಟರ್.

ತಾರೆ ಮರೆಯಾಗುವುದನ್ನು ಕಾದು ನೋಡಬಹುದೇ ಎಂದು ಪರೀಕ್ಷಿಸಿದ್ದಾಯಿತು. ಇದು ನಿಜವಾಗಿ ನಡೆಯುವ ವಿಧಾನ. ಜಪಾನಿನ ಮಿಯಾಕೋ ದ್ವೀಪದಲ್ಲಿ 28 ಸೆಂಟಿಮೀಟರಿನ ಎರಡು ದೂರದರ್ಶಕಗಳನ್ನಿಟ್ಟು, ನೆಪ್ಚೂನ್ ಆಚೆಯ ಸುಮಾರು 1.3 ಕಿಲೋಮೀಟರ್ ತ್ರಿಜ್ಯದ ಕಾಯವೊಂದು ತಾರೆಯೊಂದನ್ನು ಕ್ಷಣಕಾಲ ಮರೆಮಾಡಿದ್ದನ್ನು ಹಿಡಿದ ವರದಿ 2019ರಲ್ಲಿ ಬಂತು. ತರುಬರ ಕಡೆ ಒಂದು ಮರೆ ಮೂರು ಸೆಕೆಂಡಿನಷ್ಟು ಇರುತ್ತದೆ, ಗಮನಿಸಲು ಸುಲಭ. ಆದರೆ ಅದು ಎಷ್ಟು ಸಲ ನಡೆಯುತ್ತದೆ? ಗಾಯಾ ದೂರದರ್ಶಕ ಪಟ್ಟಿ ಮಾಡಿದ ಸುಮಾರು 180 ಕೋಟಿ ತಾರೆಗಳನ್ನೂ ಎವೆಯಿಕ್ಕದೆ 80 ವರ್ಷ ನೋಡುತ್ತ ಕೂತರೂ ಹತ್ತಿರದ ನಾಲ್ಕು ಧೂಮಕೇತುಗಳಲ್ಲಿ ಒಂದು ಒಂದು ತಾರೆಯನ್ನು ಮರೆಮಾಡುವ ಸಾಧ್ಯತೆ ಐದರಲ್ಲಿ ಒಂದು. ಆ ದಾರಿ ಮುಚ್ಚಿತು.

ಆಗ ಕೈಹಿಡಿದದ್ದು ಬಿಸಾಡಿದ ಮೊದಲ ಕರಡು. ಬೈಜಿಕ ಒಲೆಯ ಜನ ಅಲೆಮಾರಿಗಳಾಗಲಾರರು, ನಿಜ. ಆದರೆ ಅವರು ಅಲೆಮಾರಿಗಳ ಪೂರ್ವಜರಾಗಬಲ್ಲರು. ಮೆಗಾವ್ಯಾಟುಗಳಿದ್ದ ಕಾಲದಲ್ಲಿ ಅವರು ದೊಡ್ಡ ಕನ್ನಡಿಗಳಿಂದ ಸುತ್ತಲಿನ ಧೂಮಕೇತುಗಳನ್ನು ಅಳೆದು ಪಟ್ಟಿ ಮಾಡಿದರು. ಒಲೆ ನಂದಿಹೋಯಿತು, ಅದನ್ನು ಕಟ್ಟುವ ಲೋಹಗಳು ಮುಗಿದವು, ಪಟ್ಟಿ ಉಳಿಯಿತು. ಹಟ್ಟಿಯ ಹಿರಿಯರು ಕಾಲಬಡಿತದಲ್ಲಿ ಮಕ್ಕಳಿಗೆ ಕಲಿಸುವುದು ಅದನ್ನೇ: ಯಾವ ಉಂಡೆ, ಯಾವ ದಿಕ್ಕು, ಯಾವ ವೇಗ.

ಪಟ್ಟಿಯಲ್ಲಿ ತಪ್ಪು ಇದ್ದೇ ಇರುತ್ತದೆ. ಪ್ರತಿ ಧೂಮಕೇತುವಿನ ವೇಗವನ್ನು ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನವರೆಗೆ ನಿಖರವಾಗಿ ಅಳೆದಿದ್ದರು ಎಂದಿಟ್ಟುಕೊಂಡರೂ, ಆ ಕೂದಲೆಳೆಯಷ್ಟು ತಪ್ಪು 18,000 ವರ್ಷದಲ್ಲಿ 57,000 ಕಿಲೋಮೀಟರ್ ಆಗಿ ಬೆಳೆಯುತ್ತದೆ. ಅಲ್ಲಿಂದ ಮುಂದೆ ಪಟ್ಟಿ ಹೇಳಿದ ಜಾಗಕ್ಕೆ ಹೋದರೂ ಹಟ್ಟಿಯ ಬಳಿ ಇರುವ ಒಂದು ಮೀಟರ್ ಕನ್ನಡಿಗೆ ಏನೂ ಸಿಗುವುದಿಲ್ಲ. 127ರಿಂದ ಭಾಗಿಸಿದರೆ 142 ಹೆಜ್ಜೆ. ಕಥೆಯನ್ನು ಆರಂಭಿಸಿದ್ದು 139ನೆಯ ತಂಗಿನಲ್ಲಿ.

ಇಲ್ಲಿ ಓದುಗರು ಕೇಳುವುದು ಸಹಜ: ಕನ್ನಡಿಯನ್ನು ಎರಡು ಮೀಟರ್ ಮಾಡಬಾರದೇ? ಕಾಣುವ ದೂರ ಇಮ್ಮಡಿಯಾದರೆ ಪಟ್ಟಿಯ ಆಯಸ್ಸೂ ಇಮ್ಮಡಿ, ಇನ್ನೂ 142 ಹೆಜ್ಜೆ. ಐದು ಟನ್ ಹೆಚ್ಚು ತೂಕ ಹೊರಲು ಬೇಕಾಗುವುದು ಪ್ರತಿ ಪಯಣಕ್ಕೆ ಹನ್ನೆರಡು ಹದಿಮೂರು ಟನ್ ಪೆರಾಕ್ಸೈಡ್, ಅದೇನೂ ಹೊರೆಯಲ್ಲ. ಗಾಜಿಗೆ ಬೇಕಾದ ಸಿಲಿಕೇಟ್ ಧೂಳು ಕಾಲ ಕೆಳಗೇ ಇದೆ. ತೊಂದರೆ ಕಸುಬಿನದು. ಸಾವಿರಾರು ವರ್ಷ ಮೇಯುವುದನ್ನಷ್ಟೇ ಕಲಿತವರು ಗಾಜು ಉಜ್ಜುವುದನ್ನು ಮರೆತಿದ್ದಾರೆ. ಉಜ್ಜಿದ ಗಾಜಿಗೆ ಲೋಹದ ತೆಳು ಲೇಪ ಬೇಕು. ತಮಿಳುನಾಡಿನ ಕಾವಲೂರಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ 2.34 ಮೀಟರ್ ವೈನು ಬಪ್ಪು ದೂರದರ್ಶಕದ ಕನ್ನಡಿಗೆ ಅಲ್ಯೂಮಿನಿಯಂ ಲೇಪ ಹಾಕುವುದು ಗಾಳಿ ತೆಗೆದ ಕೋಣೆಯಲ್ಲಿ. ತರುಬರಿಗೆ ಆ ಕೋಣೆ ಬೇಕಿಲ್ಲ, ಸುತ್ತಲೂ ನಿರ್ವಾತವೇ. ಅಲ್ಯೂಮಿನಿಯಂ ತೆಗೆಯುವ ವಿದ್ಯೆ ಇಲ್ಲದವರಿಗೆ ಇರುವ ಒಂದೇ ಲೋಹ ಕಬ್ಬಿಣ.

ಎರಡು ಮೀಟರ್ ಕನ್ನಡಿಗೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು ದಪ್ಪದ ಲೇಪಕ್ಕೆ ಎರಡೂವರೆ ಗ್ರಾಂ ಕಬ್ಬಿಣ ಸಾಕು. ಅದನ್ನು ಆವಿ ಮಾಡಬೇಕು. ದಟ್ಟ ಪೆರಾಕ್ಸೈಡ್ ತಾನಾಗಿ ಒಡೆದಾಗ ಬರುವ ಬಿಸಿ ಸುಮಾರು 750 ಡಿಗ್ರಿ, ಕಬ್ಬಿಣ ಕರಗುವುದೇ 1,538ರಲ್ಲಿ. ಉಗುಳಿ ಬಿಸಾಡುತ್ತಿದ್ದ ಕಪ್ಪು ಜಿಡ್ಡನ್ನು ಪೆರಾಕ್ಸೈಡಿನೊಂದಿಗೆ ಉರಿಸಿದರೆ ಮಾತ್ರ ಅಷ್ಟು ಬಿಸಿ ಹುಟ್ಟುತ್ತದೆ. ತಮ್ಮ ದೇಹದ ದ್ರವವನ್ನೇ ಸಿಡಿಸಬಲ್ಲ ಬೆಂಕಿಯ ಮುಂದೆ ಕೂತು ವಿಷವನ್ನು ಆವಿ ಮಾಡುವ ಕೆಲಸ. ಅದಕ್ಕೆ ಒಪ್ಪಬಹುದಾದವರು ಹಟ್ಟಿಯಲ್ಲಿ ಒಬ್ಬರೇ, 80 ವರ್ಷ ಆಚೆ ಮಗ್ಗುಲಲ್ಲಿ ಕಬ್ಬಿಣದ ಪುಡಿ ಕಾಯ್ದವರು. ಕಥೆಯ ಮೊದಲ ದೃಶ್ಯದಲ್ಲಿ ಉಳಿದ 39 ಜನ ಮೊದಲ ಬಾರಿಗೆ ಅವರಿದ್ದ ಕಡೆಗೆ ನಡೆದು ಹೋಗುತ್ತಾರೆ, ಐದು ಕಾಲು ಊರಿ, ಒಂದು ಕಾಲು ಎತ್ತಿ.